ತೀನ್ ದೇವಾಲಯದ ಪಾನಪಾತ್ರೆ

ಪ್ರಾಗ್ ನಗರಕ್ಕೆ ಹೋಗುವ ಯಾತ್ರಿಕರು ಸಾಮಾನ್ಯವಾಗಿ ಚಾರ್ಲ್ಸ್ ಸೇತುವೆಯನ್ನು ದಾಟಿ, ಗುಡ್ಡದ ಮೇಲಿನ ಸಂತ ವಿಟುಸರ ಪ್ರಧಾನಾಲಯವನ್ನು ಕಂಡು ಹಿಂದಿರುಗುತ್ತಾರೆ. 1344ರಲ್ಲಿ ಅಸ್ತಿಭಾರ ಕಂಡ ಆ ಪ್ರಧಾನಾಲಯ ಪೂರ್ಣಗೊಂಡದ್ದು 1929ರಲ್ಲಿ. ಅದರ ಭವ್ಯತೆ ನಿರ್ವಿವಾದ. ಆದರೆ ಧರ್ಮಸಭೆಯ ಇತಿಹಾಸವನ್ನು ಅಭ್ಯಸಿಸುವ ನಾವು ಹೆಚ್ಚು ಹೊತ್ತು ನಿಲ್ಲಬೇಕಾದುದು ಹಳೆಯ ಪಟ್ಟಣದ ಚೌಕದಲ್ಲಿ, ತೀನ್ ದೇವಾಲಯದ ಎದುರು. ಅದರ ಎರಡು ಗೋಪುರಗಳ ನಡುವೆ ಹೊನ್ನಿನ ಪ್ರಭೆಯುಳ್ಳ ಮರಿಯ ಮಾತೆಯ ಪ್ರತಿಮೆಯಿದೆ. ಹದಿನೇಳನೆಯ ಶತಮಾನದ ಮೊದಲ ದಶಕಗಳವರೆಗೆ ಆ ಮುಂಭಾಗದಲ್ಲಿದ್ದುದು ಒಂದು ದೊಡ್ಡ ಹೊನ್ನಿನ ಪಾನಪಾತ್ರೆ.

1414ರಲ್ಲಿ ಯಾಕೂಬೆಕ್ ಎಂಬ ಗುರುವಿನ ನೇತೃತ್ವದಲ್ಲಿ ಪ್ರಾಗ್‌ನ ಕೆಲವು ಗುರುಗಳು ಶ್ರೀಸಾಮಾನ್ಯರಿಗೂ ಪಾನಪಾತ್ರೆಯನ್ನು ನೀಡತೊಡಗಿದರು. ಇದನ್ನು ಆರಂಭಿಸಿದವರು ಯಾನ್ ಹುಸ್ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಅವರು ಕಾನ್‌ಸ್ಟನ್ಸ್‌ನ ಸೆರೆಮನೆಯಿಂದ ಪತ್ರ ಬರೆದು ಅದನ್ನು ಸಮರ್ಥಿಸಿದರು, ಅಷ್ಟೆ. ಕಾನ್‌ಸ್ಟನ್ಸ್ ಮಹಾಸಭೆಯು 1415ರ ಜೂನ್ 15ರಂದು ಈ ಆಚರಣೆಯನ್ನು ನಿಷೇಧಿಸಿತು. ಮೂರು ವಾರಗಳ ಬಳಿಕ, ಜುಲೈ 6ರಂದು, ಹುಸ್‌ರನ್ನು ಸುಡಲಾಯಿತು. ರೊಟ್ಟಿಯ ರೂಪವೊಂದರಲ್ಲಿಯೇ ಕ್ರಿಸ್ತರು ಸಂಪೂರ್ಣವಾಗಿ ಇದ್ದಾರೆಂಬ ಮಹಾಸಭೆಯ ಬೋಧನೆ ಸರಿಯಾದುದೇ. ಆದರೆ ಆದಿಸಭೆಯಲ್ಲಿ ಭಕ್ತರು ಎರಡೂ ರೂಪಗಳಲ್ಲಿ ಪ್ರಸಾದ ಸ್ವೀಕರಿಸುತ್ತಿದ್ದರೆಂದು ಅದೇ ಆದೇಶ ಒಪ್ಪಿಕೊಂಡಿತ್ತು. ಪರೀಕ್ಷೆಗಾಗಿ ಓದುವಾಗ ಈ ಒಪ್ಪಿಗೆ ಕಣ್ತಪ್ಪುವುದುಂಟು. ನಿಷೇಧಕ್ಕೊಳಗಾದುದು ಹೊಸ ಬೋಧನೆಯಲ್ಲ, ನಮ್ಮದೇ ಹಳೆಯ ರೂಢಿ.

ಯುದ್ಧಗಳ ತರುವಾಯ 1436ರಲ್ಲಿ ಬಾಸೆಲ್ ಮಹಾಸಭೆಯೊಡನೆ ಏರ್ಪಟ್ಟ ಒಪ್ಪಂದ ಪಾನಪಾತ್ರೆಯನ್ನು ಮರಳಿ ಕೊಟ್ಟಿತು. 1462ರಲ್ಲಿ ಅದನ್ನು ರದ್ದುಪಡಿಸಿದ ಜಗದ್ಗುರು ಎರಡನೆಯ ಪಿಯುಸ್, ಯೌವನದಲ್ಲಿ ಅದೇ ಬಾಸೆಲ್ ಮಹಾಸಭೆಯ ಕಾರ್ಯದರ್ಶಿಗಳಲ್ಲೊಬ್ಬರು! 1620ರ ಬಿಳಿಬೆಟ್ಟದ ಕದನದಲ್ಲಿ ಕಥೋಲಿಕ ಪಕ್ಷ ಗೆದ್ದ ಮೇಲೆ ತೀನ್ ದೇವಾಲಯದ ಪಾನಪಾತ್ರೆಯನ್ನು ಕೆಳಗಿಳಿಸಲಾಯಿತು. ಅದರ ಹೊನ್ನನ್ನೇ ಕರಗಿಸಿ ಮಾತೆಯ ಪ್ರಭೆಯನ್ನು ಮಾಡಿದರೆಂಬ ಹೇಳಿಕೆ ಇಂದಿಗೂ ಅಲ್ಲಿದೆ. ಮಾತೆಯನ್ನು ಗೆದ್ದವರ ಲಾಂಛನವಾಗಿಸಿದುದು ಮಾತೆಗೂ ಗೌರವ ತರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಅದರ ಬೆಲೆಯನ್ನು ತೆತ್ತುದು ಅದೇ ಚೌಕದ ಇನ್ನೊಂದು ಸ್ಮಾರಕ. ಸ್ವೀಡನ್ನಿನ ಸೈನ್ಯದಿಂದ ನಗರ ಪಾರಾದುದಕ್ಕೆ ಕೃತಜ್ಞತೆಯಾಗಿ 1650ರಲ್ಲಿ ನಿಲ್ಲಿಸಿದ ಮರಿಯ ಮಾತೆಯ ಸ್ತಂಭವನ್ನು ಬಿಳಿಬೆಟ್ಟದ ವಿಜಯಸ್ತಂಭವೆಂದೇ ಜನ ಭಾವಿಸಿದ್ದರು. ದೇಶ ಸ್ವತಂತ್ರವಾದ ಕೆಲವೇ ದಿನಗಳಲ್ಲಿ, 1918ರ ನವೆಂಬರ್ 3ರಂದು, ಹಗ್ಗ ಕಟ್ಟಿ ಎಳೆದು ಅದನ್ನು ಕೆಡವಿದರು.

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಶ್ರೀಸಾಮಾನ್ಯರಿಗೆ ಪಾನಪಾತ್ರೆಯ ಬಾಗಿಲನ್ನು ಮತ್ತೆ ತೆರೆಯಿತು. 1999ರ ಡಿಸೆಂಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಹುಸ್‌ರ ಕ್ರೂರ ಮರಣಕ್ಕಾಗಿ ಆಳವಾದ ವಿಷಾದ ವ್ಯಕ್ತಪಡಿಸಿದರು. ಸ್ತಂಭವನ್ನು ಮರುನಿಲ್ಲಿಸುವ ವಿಚಾರ ಮಾತ್ರ ವರ್ಷಗಟ್ಟಲೆ ವಾದವಿವಾದಕ್ಕೆ ಸಿಲುಕಿತ್ತು; 2020ರಲ್ಲಿ ಅದರ ಪ್ರತಿಕೃತಿ, 1915ರಿಂದ ಅಲ್ಲಿರುವ ಹುಸ್‌ರ ಸ್ಮಾರಕದ ಸನಿಹದಲ್ಲೇ ಎದ್ದು ನಿಂತಿತು.