ತಟ್ಟೆಯ ಹಿಂಬದಿ

ಹಿಂದೊಮ್ಮೆ ಯುಗಾದಿಗೆ ಸಾಣಾಪುರಕ್ಕೆ ಹೋದಾಗ ಕಾಕಾ ಹಾಡಿದ ತತ್ವಪದವನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದೆ. ನಡುವೆ ಪಂಪ್‌ಸೆಟ್ಟಿನ ಸದ್ದು, ಯಾರದೋ ಕೆಮ್ಮು. ಮುಂದಿನ ಸಲ ಒಳ್ಳೆ ಮೈಕ್ ತಂದ್ರಾಯ್ತು ಅಂತ ಡಿಲೀಟ್ ಮಾಡ್ಬಿಟ್ಟೆ. ಮತ್ತೆ ಊರಿಗೆ ಹೋಗೋದ್ರೊಳಗೆ ಕಾಕಾ ಇರಲಿಲ್ಲ.

ಆಮೇಲಿಂದ ಸ್ಟೀಲಿ ಡ್ಯಾನ್ ನನಗೆ ಬೇರೆ ಥರ ಕೇಳಿಸುತ್ತೆ. ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಕಟ್ಟಿದ ಈ ಅಮೆರಿಕನ್ ರಾಕ್ ತಂಡ 1974ರ ಜುಲೈನಲ್ಲಿ ಊರೂರು ತಿರುಗೋದನ್ನು ಬಿಟ್ಟು ಸ್ಟುಡಿಯೋ ಸೇರಿತು. ಮತ್ತೆ ಪ್ರವಾಸ ಹೊರಟಿದ್ದು 1993ರಲ್ಲಿ. 1977ರ ‘ಏಜಾ’ ಆಲ್ಬಮ್ಮಿನಲ್ಲಿ ‘ಪೆಗ್’ ಅನ್ನೋ ಹಾಡಿದೆ. ಅದರ ಒಂದು ಗಿಟಾರ್ ಸೋಲೋಗಾಗಿ ಒಬ್ಬರಾದ ಮೇಲೆ ಒಬ್ಬರನ್ನು ಕರೆಸಿ ನುಡಿಸಿದರು. ಕೊನೆಗೆ ಉಳಿದಿದ್ದು ಜೇ ಗ್ರೇಡನ್ ನುಡಿಸಿದ್ದು.

ಇಂಥವರು 1980ರಲ್ಲಿ ‘ಹೇ ನೈನ್‌ಟೀನ್’ ಸಿಂಗಲ್ ತಂದಾಗ, ತಟ್ಟೆಯ ಹಿಂಬದಿಗೆ ಹಾಕಿದ್ದು 1974ರ ಸಾಂಟಾ ಮೋನಿಕಾ ಕಾರ್ಯಕ್ರಮದಲ್ಲಿ ನುಡಿಸಿದ ‘ಬೋಧಿಸತ್ವ’. ಶುರುವಿನಲ್ಲಿ ಜೆರೋಮ್ ಅನಿಟನ್ ತೊದಲುತ್ತಾ ತಂಡವನ್ನು ಪರಿಚಯಿಸ್ತಾರೆ, ಸ್ಟೀಲಿ ಡ್ಯಾನ್ ಅಂದ್ರೆ ಯಾರೋ ಒಬ್ಬ ಮನುಷ್ಯ ಅನ್ನೋ ಹಾಗೆ. ಆಮೇಲೆ ಜೆಫ್ ಪೊರ್ಕಾರೊ, ಜಿಮ್ ಹಾಡರ್ ಇಬ್ಬರೂ ಒಟ್ಟಿಗೆ ಡ್ರಮ್ಸ್ ಬಾರಿಸ್ತಾ ಹಾಡನ್ನು ಓಡಿಸ್ತಾರೆ.

ಒಂದು ಸ್ವರವನ್ನೂ ಸಡಿಲ ಬಿಡದವರು ಆ ತೊದಲು ಮಾತನ್ನು ಕತ್ತರಿಸಲಿಲ್ಲ. ನಾನು ಪಂಪ್‌ಸೆಟ್ಟಿನ ಸದ್ದಿಗೆ ಬೇಸತ್ತು ಕಾಕಾನ ದನಿಯನ್ನೇ ಕಳೆದುಕೊಂಡೆ.

ನಿಮ್ಮ ಮನೇಲಿ ಹಾಡೋರಿದ್ರೆ ಇವತ್ತೇ ರೆಕಾರ್ಡ್ ಮಾಡ್ಕೊಳ್ಳಿ. ಕೆಮ್ಮು ಬಂದ್ರೂ ಇರಲಿ.