ವಯನಾಡಿನ ಕತ್ತಿಗೆ ಯಾವ ಮರದ ಹಿಡಿ?

ಕೈಯಾರೆ ಕತ್ತಿ ಮಾಡುವ ಹವ್ಯಾಸವನ್ನು ಹೊಸದಾಗಿ ಹಚ್ಚಿಕೊಂಡವರ ಕಣ್ಣು ಮೊದಲು ಬೀಳುವುದು ಬೀಟೆಯ ಮೇಲೆ. ನೇರಳೆ ಬೆರೆತ ಕಪ್ಪು ಗೆರೆ, ಕೈಗೆ ಹಿತವಾದ ತೂಕ, ಉಜ್ಜಿದಷ್ಟೂ ಹೊಳಪು. ಮೈಸೂರು ಮತ್ತು ಕೊಡಗಿನ ಬೆನ್ನಿಗೇ ಇರುವ ವಯನಾಡು ಈ ಮರದ ತವರುಗಳಲ್ಲೊಂದು. ಹಾಗಿದ್ದೂ ಅಲ್ಲಿನ ಕಾಡುಮರಕ್ಕೆ ಸರ್ಕಾರದ ಬೇಲಿ ಬೀಳತೊಡಗಿ ಎರಡು ಶತಮಾನ ಕಳೆದಿದೆ. ಆ ಬೇಲಿಯ ಹೊರಗೆ ಉಳಿದ ಮರಗಳಲ್ಲೇ ಒಳ್ಳೆಯ ಹಿಡಿ ಮಾಡಿಕೊಂಡು ಬಂದ ಜನರಿದ್ದಾರೆ. ಕಲಿಯುವವರು ಮೊದಲು ನೋಡಬೇಕಾದದ್ದು ಅವರನ್ನು.

ವಯನಾಡಿನ ಆದಿವಾಸಿಗಳಲ್ಲಿ ಕುಶಲಕರ್ಮಿಗಳೆಂದು ಹೆಸರಾದವರು ಊರಾಳಿ ಕುರುಮರು. ಅವರ ಮಾತಿಗೆ ಕನ್ನಡದ ನಂಟಿದೆ; ಹೆಗ್ಗಡದೇವನಕೋಟೆ, ಕೊಡಗು, ಗೂಡಲೂರು ಸೀಮೆಯ ಬೆಟ್ಟ ಕುರುಬರ ಮಾತಿಗೂ ಅದು ಹತ್ತಿರ. ಇವರಲ್ಲಿ ಹೆಂಗಸರು ತಿಗುರಿಯ ಹಂಗಿಲ್ಲದೆ ಕೈಯಲ್ಲೇ ಮಡಕೆ ಎತ್ತುತ್ತಾರೆ. ಬುಟ್ಟಿ ಹೆಣೆಯುವುದು, ಮರಗೆಲಸ, ಕಮ್ಮಾರಿಕೆ ಎಲ್ಲವೂ ಒಂದೇ ಸಮುದಾಯದೊಳಗೆ ನಡೆದುಬಂದಿವೆ. ಬಯಲುಸೀಮೆಯ ಹಳ್ಳಿಗಳಲ್ಲಿ ಅಲಗು ಬಡಿಯುವವನು ಕಮ್ಮಾರ, ಹಿಡಿ ಕೆತ್ತುವವನು ಬಡಗಿ. ಇಬ್ಬರ ಮನೆಯೂ ಬೇರೆ, ಆಯವೂ ಬೇರೆ. ಕಬ್ಬಿಣ, ಮರ ಎರಡೂ ಒಂದೇ ಅಂಗಳದಲ್ಲಿದ್ದರೆ ಅಲಗಿನ ಭಾರ ನೋಡಿಯೇ ಮರ ಆರಿಸಬಹುದು. ಇದು ಸಣ್ಣ ಅನುಕೂಲವಲ್ಲ.

ಹಳೆಯ ರೀತಿಯ ಹಿಡಿಗೆ ಮೊಳೆ ಬೇಕಿಲ್ಲ. ಅಲಗಿನ ಹಿಂದೆ ಚೂಪಾದ ಕಂಬಿಯೊಂದನ್ನು ಎಳೆದು ಬಿಟ್ಟಿರುತ್ತಾರೆ. ಹಿಡಿಯ ತುಂಡಿಗೆ ಅದಕ್ಕಿಂತ ಕಿರಿದಾದ ತೂತು ಕೊರೆದು, ಕಂಬಿಯನ್ನು ಕೆಂಪಗೆ ಕಾಯಿಸಿ ಒಳಕ್ಕೆ ಒತ್ತುತ್ತಾರೆ. ಚುಂಯ್ ಎಂದು ಹೊಗೆಯೇಳುತ್ತದೆ, ಮರ ಒಳಗೊಳಗೇ ಸುಟ್ಟು ಕಂಬಿಯ ಆಕಾರಕ್ಕೆ ಸರಿಯಾಗಿ ಜಾಗ ಬಿಡುತ್ತದೆ. ಹೊರಗೆಳೆದು, ಕರಿ ಕೊಡವಿ, ಅರಗು ತುಂಬಿ ಮತ್ತೆ ಕೂರಿಸಿದರೆ ಅಲುಗಾಟವಿಲ್ಲ. ಬಾಯಿಗೆ ಹಾಕುವ ಕಬ್ಬಿಣದ ಅಣಸು ಮರ ಸೀಳದಂತೆ ಬಿಗಿಹಿಡಿಯುತ್ತದೆ. ಎಳೆ ಹಿಡಿಯ ಉದ್ದಕ್ಕೆ ನೇರವಾಗಿ ಹರಿದಿದ್ದರೆ ಈ ವಿಧಾನ ಬಾಳುತ್ತದೆ. ಎಳೆ ಓರೆಯಾಗಿದ್ದರೆ ಅಥವಾ ನಡುವೆ ಗಂಟಿದ್ದರೆ ಗಟ್ಟಿ ಏಟಿಗೆ ಅಲ್ಲೇ ಬಿರಿಯುತ್ತದೆ.

ಮರದ ಮೇಲೆ ಹಕ್ಕು ಯಾರದು ಎಂಬ ಜಗಳವೂ ಹಳೆಯದು. ಟಿಪ್ಪುವಿನ ಪತನದ ನಂತರ ವಯನಾಡು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮಲಬಾರಿನ ಭಾಗವಾಯಿತು. ಕಂಪನಿಯೊಡನೆ ಕಾದಾಡುತ್ತಿದ್ದ ಪಳಶ್ಶಿ ರಾಜ 1805ರ ನವೆಂಬರ್ 30ರಂದು ಮಡಿದ. ಮರುವರ್ಷವೇ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಮಲಬಾರಿನ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹಡಗು ಕಟ್ಟಲು ತೇಗ ಬೇಕಿತ್ತು; ಆ ಮರ ಸರ್ಕಾರದ ಸೊತ್ತೆಂದು ಸಾರಲಾಯಿತು. ಜನರ ದೂರು ಎಷ್ಟು ಬೆಳೆಯಿತೆಂದರೆ ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ, 1823ರಲ್ಲಿ, ಆ ಹುದ್ದೆಯನ್ನೇ ರದ್ದುಮಾಡಬೇಕಾಯಿತು. ಆದರೂ ಆ ಧೋರಣೆ ಸಾಯಲಿಲ್ಲ. 1882ರ ಮದರಾಸು ಅರಣ್ಯ ಕಾಯ್ದೆ ಅದಕ್ಕೆ ಗಟ್ಟಿ ಬುನಾದಿ ಹಾಕಿತು.

ಈ ನಡುವೆ ಕತ್ತಿಯ ಮೇಲೂ ಸರ್ಕಾರದ ಕಣ್ಣು ಬಿತ್ತು. ಮಲಬಾರಿನಲ್ಲಿ ಯುದ್ಧಕತ್ತಿ ಇಟ್ಟುಕೊಳ್ಳುವುದನ್ನು 1854ರ ಕಾಯ್ದೆ ಅಪರಾಧವಾಗಿಸಿತು. ಜಿಲ್ಲಾ ಕಲೆಕ್ಟರ್ ಕಾನೊಲಿ ಸಾವಿರಾರು ಕತ್ತಿಗಳನ್ನು ಜನರಿಂದ ಒಪ್ಪಿಸಿಕೊಂಡ. ನಿಲಂಬೂರಿನಲ್ಲಿ ತೇಗದ ತೋಪು ಹಾಕಿಸಿದವನೂ ಇವನೇ. ಮರವನ್ನೂ ಕತ್ತಿಯನ್ನೂ ಒಂದೇ ಕಚೇರಿ ಎಣಿಸತೊಡಗಿದ ಕಾಲವದು.

ಸಿರಿವಂತರ ಕತ್ತಿಗೆ ಮರವೇ ಬೇಕೆಂದಿರಲಿಲ್ಲ. ಕೊಡವರ ಪೀಚೆಕತ್ತಿಗೆ ದಂತದ ಹಿಡಿಯೂ ಇತ್ತು, ಮಲಪ್ಪುರಂ ಕತ್ತಿಗೆ ಕೊಂಬಿನ ಹಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ ತಿದ್ದುಪಡಿಗಳು ಆ ದಾರಿ ಮುಚ್ಚಿದವು. ಕಾಡಿನಲ್ಲಿ ತಾನಾಗಿ ಉದುರಿದ ಜಿಂಕೆಯ ಕೊಂಬನ್ನು ಎತ್ತಿ ತಂದು ಹಿಡಿ ಮಾಡುವುದೂ ಅಪರಾಧವೇ. ಇದು ಸರಿಯಾದ ಕಾನೂನು. ಕೊಂಬಿಗೆ ಬೆಲೆ ಬಂದರೆ ಜಿಂಕೆಯ ಪ್ರಾಣಕ್ಕೆ ಸಂಚಕಾರ.

ಬೀಟೆಯ ವಿಷಯದಲ್ಲಿ ಇತ್ತೀಚಿನ ಪಾಠ ಕಲ್ಪೆಟ್ಟ ಸಮೀಪದ ಮುಟ್ಟಿಲ್‌ನದು. ಸರ್ಕಾರ ಹಂಚಿಕೊಟ್ಟ ಜಮೀನಿನಲ್ಲಿ ಬೀಟೆ ಬೆಳೆದಿದ್ದರೂ ಮರ ಸರ್ಕಾರದ್ದೇ. ಕೇರಳದ ಕಂದಾಯ ಇಲಾಖೆ 2020ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶವೊಂದನ್ನು ನೆಪಮಾಡಿಕೊಂಡು ಅಲ್ಲಿ ನೂರಕ್ಕೂ ಹೆಚ್ಚು ಬೀಟೆ ಮರಗಳನ್ನು ಉರುಳಿಸಲಾಯಿತು; ಶತಮಾನಗಳ ಹಿಂದಿನ ಮರಗಳೂ ಅದರಲ್ಲಿದ್ದವು. 2021ರ ಫೆಬ್ರವರಿಯಲ್ಲಿ ಆದೇಶ ಹಿಂದೆಗೆಯುವ ಹೊತ್ತಿಗೆ ಮರಗಳು ನೆಲ ಕಂಡಾಗಿತ್ತು. ಮರ ಕಳೆದುಕೊಂಡವರಲ್ಲಿ ಆದಿವಾಸಿಗಳಿದ್ದರು, ಸಣ್ಣ ರೈತರಿದ್ದರು. ಅಂತರರಾಷ್ಟ್ರೀಯ ವ್ಯಾಪಾರದಲ್ಲಂತೂ 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ಸೈಟ್ಸ್ ಒಪ್ಪಂದದ ನಿಯಂತ್ರಣದಲ್ಲಿದೆ. ಇಷ್ಟೆಲ್ಲ ಇದ್ದೂ, ಮೊದಲ ಕತ್ತಿಗೇ ಬೀಟೆ ಬೇಕೆಂದು ಹಟ ಹಿಡಿಯುವುದು ತರವಲ್ಲ. ಅದರ ಪುಡಿ ಮೂಗು, ಚರ್ಮಕ್ಕೆ ಉರಿ ಹಚ್ಚುವುದೂ ಉಂಟು.

ಹಾಗಾದರೆ ಯಾವುದು? ಉತ್ತರ ವಯನಾಡಿನ ತೋಟದಲ್ಲೇ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಮಾನಂತವಾಡಿಯ ಸುತ್ತ ಕಾಲಿಟ್ಟ ಕಾಫಿ ಇಂದು ಜಿಲ್ಲೆಯ ತುಂಬ ಹರಡಿದೆ, ಅದರಲ್ಲೂ ರೊಬಸ್ಟಾ. ವಯಸ್ಸಾದ ಗಿಡ ಕಿತ್ತಾಗ ಸಿಗುವ ಕಾಂಡ ಬಿಳಿಹಳದಿ, ಸಣ್ಣ ಎಳೆಯದು, ಕಲ್ಲಿನಂತೆ ಗಟ್ಟಿ. ಬಹುಪಾಲು ಸೌದೆಯಾಗಿ ಒಲೆ ಸೇರುತ್ತದೆ. ಅದರ ಒಂದೇ ತೊಂದರೆಯೆಂದರೆ ಒಣಗುವಾಗ ಬಿರುಕು ಬಿಡುವುದು. ಹಿಡಿಗಿಂತ ಒಂದು ಗೇಣು ಉದ್ದವಾಗಿ ಕತ್ತರಿಸಿ, ಎರಡೂ ತುದಿಗೆ ಮೇಣ ಬಳಿದು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ವಾರಕ್ಕೊಮ್ಮೆ ತೂಗುತ್ತಾ ಬಂದು, ತೂಕ ಇಳಿಯುವುದು ನಿಂತ ಮೇಲೆ ಉಳಿ ಹಚ್ಚಬಹುದು. ಕಾಂಡ ದಪ್ಪವಾಗಿದ್ದರೆ ನಡುವಿನ ಬೆಂಡು ಹಿಡಿಯೊಳಗೆ ಉಳಿಯದಂತೆ ಸೀಳಿಕೊಳ್ಳುವುದು ಲೇಸು.

ಅಡುಗೆಮನೆಯ ಕತ್ತಿಗೆ ಹಲಸಿನ ಚೇಗು ಸಾಕು. ಹಗುರ, ಕೆತ್ತಲು ಸಲೀಸು, ವರ್ಷ ಕಳೆದಂತೆ ಹಳದಿ ಬಣ್ಣ ಜೇನಿನ ಕಂದಿಗೆ ತಿರುಗುತ್ತದೆ. ಕೊಂಬೆ ಕಡಿಯುವ ಕತ್ತಿಗೆ ಹುಣಸೆ ಅಥವಾ ಸೀಬೆ. ತೋಟದ ನೆರಳಿಗೆ, ಮೆಣಸಿನ ಬಳ್ಳಿಗೆ ಆಸರೆಯಾದ ಸಿಲ್ವರ್ ಓಕ್ ಎಲ್ಲೆಡೆ ಸಿಗುತ್ತದೆ, ಏಟು ತಾಳುವ ಹಿಡಿಗೆ ಮಾತ್ರ ಆಗದು.

ಕೆತ್ತನೆಗೆ ಬಾಚಿ, ಉಳಿ, ಅರ, ಕೊನೆಗೆ ಉಪ್ಪುಕಾಗದ ಸಾಕು. ಹಿಂತುದಿ ತುಸು ದಪ್ಪವಿದ್ದರೆ ಬೆವರಿದ ಕೈಯಿಂದ ಕತ್ತಿ ಜಾರದು. ಹೊಳಪಿನ ವಾರ್ನಿಶ್ ವಯನಾಡಿನ ಮಳೆಗೆ ತಕ್ಕದ್ದಲ್ಲ. ಒದ್ದೆ ಕೈಗೆ ಅದು ಜಾರುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಲವು ಸಲ ತಿಕ್ಕಿ, ಪ್ರತಿ ಸಲವೂ ಒಣಗಲು ಬಿಟ್ಟು, ಮೇಲೆ ಜೇನುಮೇಣ ಸವರಿದರೆ ಮರ ನೀರು ಕುಡಿಯುವುದು ಕಡಿಮೆಯಾಗುತ್ತದೆ, ಕೈಗೂ ಹಿಡಿತ ಸಿಗುತ್ತದೆ.

ಮೈಸೂರಿನಿಂದ ಗುಂಡ್ಲುಪೇಟೆ, ಮುತ್ತಂಗ ದಾಟಿ ಸುಲ್ತಾನ್ ಬತ್ತೇರಿಗೆ ಹೋಗುವ ಕನ್ನಡಿಗರು ಅಲ್ಲಿ ಕತ್ತಿ ಕೊಳ್ಳುವುದಾದರೆ ಮಾಡಿದವರನ್ನೇ ಹುಡುಕಿ ಕೊಳ್ಳಿ, ಹಿಡಿ ಯಾವ ಮರದ್ದೆಂದು ಕೇಳಿ. ಬೀಟೆ ಎಂದರೆ ಅದು ಬಂದ ದಾರಿಯನ್ನೂ ಕೇಳಿ. ಕಾಫಿ ಕಾಂಡದ್ದು ಎಂದರೆ ಎರಡು ಕೊಳ್ಳಿ.