ಅಗರದ ಸಂಸ ಮತ್ತು ಬೆಂಗಳೂರಿನ ಬಯಲು

ಕೊಳ್ಳೇಗಾಲದಿಂದ ಯಳಂದೂರಿಗೆ ಬಸ್ಸಿನಲ್ಲಿ ಹೋಗಿದ್ದರೆ ಅಗರ–ಮಾಂಬಳ್ಳಿ ಎಂಬ ಜೋಡಿ ಊರುಗಳನ್ನು ನೀವು ಕಂಡಿರುತ್ತೀರಿ. ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಆವರಣದ ಬಯಲು ರಂಗಮಂದಿರದಲ್ಲಿ ನಾಟಕವನ್ನೂ ನೋಡಿರಬಹುದು. ಆ ರಂಗಮಂದಿರಕ್ಕೆ ಇಟ್ಟಿರುವುದು ಅಗರದಲ್ಲಿ ಹುಟ್ಟಿದ ಒಬ್ಬ ನಾಟಕಕಾರರ ಹೆಸರನ್ನು: ಸಂಸ.

ಸಾಮಿ ವೆಂಕಟಾದ್ರಿ ಅಯ್ಯರ್ ಅವರ ಕಾವ್ಯನಾಮವಿದು. ಹುಟ್ಟಿದ್ದು 1898ರಲ್ಲಿ. ಅಂದಿನ ಕಂಪನಿ ನಾಟಕಗಳು ಹಾಡು, ಬಣ್ಣದ ಪರದೆ, ಪುರಾಣದ ಕಥೆಗಳಿಂದ ಜನರನ್ನು ಸೆಳೆಯುತ್ತಿದ್ದವು. ಸಂಸರು ಹಿಡಿದದ್ದು ಬೇರೆ ದಾರಿ. ಮೈಸೂರು ಅರಸರ ಇತಿಹಾಸವನ್ನು, ಹಳಗನ್ನಡದ ಸೊಗಡುಳ್ಳ ಬಿಗಿಯಾದ ಮಾತಿನಲ್ಲಿ ಅವರು ನಾಟಕವಾಗಿಸಿದರು. ‘ವಿಗಡ ವಿಕ್ರಮರಾಯ’ದ ವಸ್ತುವನ್ನೇ ನೋಡಿ: ಅರಸನನ್ನೇ ಮುಗಿಸಿದ ಅಧಿಕಾರದಾಹಿ ದಳವಾಯಿ, ಅನಂತರ 1638ರಲ್ಲಿ ಪಟ್ಟವೇರಿದ ರಣಧೀರ ಕಂಠೀರವ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಓದಿದವರಿಗೆ ಇದರ ಗಾಂಭೀರ್ಯ ಬೇಗ ತಿಳಿಯುತ್ತದೆ.

ಸಂಸರು ಬರೆದ ನಾಟಕಗಳು 23 ಎನ್ನುತ್ತಾರೆ. ಉಳಿದಿರುವುದು 6. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಈ ಸರಳ ಕಳೆಯುವ ಲೆಕ್ಕ ಇಂದಿಗೂ ಕಸಿವಿಸಿ ತರುತ್ತದೆ. ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆಂಬ ಭಯ ಅವರನ್ನು ಬಿಡದೆ ಕಾಡಿತು. 1939ರಲ್ಲಿ, ನಲವತ್ತೊಂದನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು.

ಇನ್ನು ಆ ಬಯಲಿನ ಕಥೆ. 1972ರಲ್ಲಿ ಕಲಾಕ್ಷೇತ್ರದ ಆವರಣದಲ್ಲಿ, ಆಕಾಶದ ಕೆಳಗೆ, ಬಿ.ವಿ. ಕಾರಂತರು ಮೂರು ನಾಟಕಗಳನ್ನು ಆಡಿಸಿದರು: ಗ್ರೀಕ್ ಕವಿ ಸೊಫೋಕ್ಲಿಸನ ‘ಈಡಿಪಸ್’ (ಕನ್ನಡಕ್ಕೆ ತಂದವರು ಪಿ. ಲಂಕೇಶ್), ಲಂಕೇಶರದೇ ‘ಸಂಕ್ರಾಂತಿ’, ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಅಲ್ಲಿಯವರೆಗೆ ನಮ್ಮ ಹವ್ಯಾಸಿ ರಂಗಭೂಮಿ ಬಹುಮಟ್ಟಿಗೆ ನಾಲ್ಕು ಗೋಡೆಗಳ ಒಳಗಿನದು. ಒಂದು ಕೋಣೆ, ಕೆಲವು ಕುರ್ಚಿ, ನಗರದ ಮಾತು. ಗೋಡೆ ಇಲ್ಲದ ಕಡೆ ನಟನ ದನಿ ಎಲ್ಲಿಗೂ ತಗಲಿ ಮರಳುವುದಿಲ್ಲ, ಗಾಳಿಯಲ್ಲಿ ಚದುರಿಹೋಗುತ್ತದೆ. ಬಯಲಾಟದವರಿಗೆ ಇದು ಎಂದಿನಿಂದಲೂ ಗೊತ್ತು. ಅದಕ್ಕೇ ಅಲ್ಲಿ ಮೇಳವಿದೆ, ಚರ್ಮವಾದ್ಯವಿದೆ, ಕುಣಿತವಿದೆ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕಶಾಲೆಯಲ್ಲಿ ಕಲಿತ ಕಾರಂತರ ಸಂಗೀತ ಈ ಬಯಲಿಗೆ ಹೇಳಿಮಾಡಿಸಿದಂತಿತ್ತು. ಉತ್ತರ ಕರ್ನಾಟಕದ ಜನಪದ ಆಚರಣೆಯಿಂದ ಹುಟ್ಟಿ, ಉಳುವವನಿಗೂ ಗೌಡನಿಗೂ ನಡುವಿನ ನೆಲದ ಜಗಳ ಹೇಳುವ ‘ಜೋಕುಮಾರಸ್ವಾಮಿ’ ಬೆಂಗಳೂರಿನ ಪ್ರೇಕ್ಷಕರ ಮುಂದೆ ಹಾಡುತ್ತ ಬಂತು. ಕನ್ನಡ ರಂಗಭೂಮಿಯ ಇತಿಹಾಸ ಬರೆಯುವವರು 1972ರ ಬಳಿ ನಿಲ್ಲದೆ ಮುಂದೆ ಹೋಗುವುದಿಲ್ಲ.

ಸಂಸರಿಗೆ ಇಂಥ ರಾತ್ರಿಗಳ ಭಾಗ್ಯ ಬದುಕಿದ್ದಾಗ ಒದಗಲಿಲ್ಲ. ಅವರ ಭಾಷೆ ಕಠಿಣ, ಆಡುವುದು ಕಷ್ಟ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ನಾನು ಅದನ್ನು ಪೂರ್ತಿ ಒಪ್ಪಲಾರೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ‘ವಿಗಡ ವಿಕ್ರಮರಾಯ’ ಸಿಕ್ಕರೆ ನಾಲ್ವರು ಗೆಳೆಯರು ಕೂಡಿ ಒಂದು ದೃಶ್ಯವನ್ನು ಗಟ್ಟಿಯಾಗಿ ಓದಿ. ಮೊದಲ ಸಲ ನಾಲಿಗೆ ತೊಡರೀತು. ಮೂರನೆಯ ಸಲಕ್ಕೆ ಯಾರೋ ಒಬ್ಬರು ಕುಳಿತಲ್ಲಿಂದ ಎದ್ದು ನಿಂತು ಓದತೊಡಗುತ್ತಾರೆ.